ಫಕೀರೇಶನ ಸೊಂಟದ ಔಷಧ

ಫಕೀರೇಶ ಸೆರೆ ಕುಡಿದ ಅಂದರೆ ಬಮ್ಮಿಗಟ್ಟಿಯ ನಾಯಿಯೂ ನಕ್ಕೀತು. ಕುಡಿದು ಕುಡಿದೇ ಸತ್ತ ಅಪ್ಪನ ಹೆಣದ ಮುಂದೆ ನಿಂತು ಆಣೆ ಇಟ್ಟವನು ಆತ. ಗೆಳೆಯರು ಬಾಟಲಿ ಬಿಚ್ಚಿದರೆ ಎದ್ದುಬಿಡುತ್ತಿದ್ದ. "ಸ್ವಾಮಿಗಳು ಎದ್ರಪಾ, ಕಾಲಿಗೆ ಬೀಳ್ರಿ" ಎಂದು ಅವರು ಕಾಡಿಸುತ್ತಿದ್ದರು. ಆ ಹೆಸರು ಕೇಳಿಯೇ ಕಲಘಟಗಿಯ ಶಾಲೆಯವರು ಅವನ ಕೈಗೆ ಮಕ್ಕಳ ವ್ಯಾನು ಕೊಟ್ಟಿದ್ದು. ಹೆಂಡತಿ ಶಿವಗಂಗಾಳಿಗೂ ಅದೇ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೆಲಸ. ಇಬ್ಬರ ಪಗಾರದಲ್ಲಿ ಮನೆ ನಡೆದಿತ್ತು.

ಹಾಳಾದ್ದು ಸೊಂಟ! ತಗ್ಗು ದಿನ್ನೆಯ ರಸ್ತೆಯಲ್ಲಿ ಓಡಾಡಿ ಹಿಡಿದುಕೊಂಡಿತು. ದುಮ್ಮವಾಡದ ನಾಟಿ ವೈದ್ಯ ಶಂಭುಲಿಂಗಪ್ಪ ಕಾಕಾ ಬೇರು, ಬೆಲ್ಲ, ಹೂವು ಗಡಿಗೆಗೆ ತುಂಬಿ, ಬಾಯಿ ಕಟ್ಟಿ, ತಿಪ್ಪೆಯಲ್ಲಿ ಹೂತಿಟ್ಟು ಅರಿಷ್ಟ ಮಾಡುತ್ತಿದ್ದರು. ಬಾಟಲಿ ಮಾತ್ರ ನಾವೇ ಒಯ್ಯಬೇಕು. ಹಳ್ಳಿಯಲ್ಲಿ ಖಾಲಿ ಬಾಟಲಿ ಅಂದರೆ ಇನ್ಯಾವುದು ಸಿಗಬೇಕು? ಸೆರೆಯ ಕ್ವಾರ್ಟರ್ ಬಾಟಲಿ. ಕೊಬ್ಬರಿ ಎಣ್ಣೆಗೂ ಅದೇ, ಜೇನುತುಪ್ಪಕ್ಕೂ ಅದೇ. ಶಿವಗಂಗಾ ಒಂದನ್ನು ಬೂದಿ ಹಾಕಿ ತಿಕ್ಕಿ ತೊಳೆದು, ತುಂಬಿಸಿಕೊಂಡು ಬಂದಳು. ಬೆಲ್ಲ ಹುಳಿತರೆ ಏನಾಗುತ್ತದೆಂದು ಇಬ್ಬರೂ ಯೋಚಿಸಲಿಲ್ಲ. ಸೆರೆಯ ರುಚಿಯೇ ಗೊತ್ತಿಲ್ಲದವನಿಗೆ, ಗಂಟಲು ಸುಟ್ಟಾಗ ಬೇರಿನ ಖಾರ ಅನ್ನಿಸಿತು.

ಅವತ್ತು ಮುಂಜಾನೆ ಸೊಂಟ ಬಹಳ ಚುಚ್ಚಿತು. ಮಕ್ಕಳನ್ನು ತುಂಬಿಕೊಂಡು ಹೊರಟವನು ದಾರಿಯಲ್ಲೇ ಒಂದೆರಡು ಗುಟುಕು ಹೆಚ್ಚು ಹಾಕಿದ. ಮುಂದಿನ ತಿರುವಿನಲ್ಲೇ ಪೊಲೀಸರು ಶಾಲೆಯ ಗಾಡಿಗಳನ್ನು ನಿಲ್ಲಿಸಿ ತಪಾಸಣೆ ನಡೆಸಿದ್ದರು. ಫೌಜದಾರರು "ಊದು" ಎಂದರು. ಫಕೀರೇಶ ಎದೆಯುಬ್ಬಿಸಿ ಊದಿದ. ಮಷೀನು ಕೂಗಿಕೊಂಡಿತು.

"ಔಷಧರಿ ಸಾಹೇಬ್ರ! ದೇವರಾಣಿ, ಸೊಂಟದ ಔಷಧರಿ!"

ಫೌಜದಾರರು ಸೀಟಿನ ಬಾಜು ಇದ್ದ ಕ್ವಾರ್ಟರ್ ಬಾಟಲಿ ಎತ್ತಿ ಮೂಸಿದರು. "ಭಾರಿ ಔಷಧ ಬಿಡಪಾ! ಖರೇನ ಔಷಧ ಇದ್ರೂ ಅಷ್ಟ. ಮೈಯಾಗ ಸೆರಿ ಐತಿ, ಕೈಯಾಗ ಮಕ್ಕಳ ಗಾಡಿ ಐತಿ. ಕೇಸ್ ಆಗತೈತಿ, ಲೈಸೆನ್ಸೂ ಹೋಗತೈತಿ."

ಫಕೀರೇಶ ಏನು ಹೇಳಿದರೂ ಕುಡುಕರು ಹೇಳುವ ಮಾತೇ ಆಗುತ್ತಿತ್ತು. ಅಷ್ಟರಲ್ಲಿ ಶಿವಗಂಗಾ ವ್ಯಾನಿನಿಂದ ಧುಮುಕಿದಳು.

"ಜಲ್ಮದಾಗ ಸೆರಿ ಮುಟ್ಟಿದಾಕಿ ಅಲ್ರಿ ನಾನು. ನಾ ಕುಡದು ಊದತೀನಿ. ನನಗೂ ಕೂಗಿದ್ರ ನಿಮ್ಮ ಮಷೀನ ಸುಳ್ಳು ಅಂತ ಒಪ್ಪಕೋರಿ!"

ಯಾರೂ ತಡೆಯುವ ಮೊದಲೇ ಬಾಟಲಿ ಕಸಿದು ಗಟಗಟ ಕುಡಿದಳು, ಊದಿದಳು. ಮಷೀನು ಮತ್ತೆ ಕೂಗಿತು. "ನೋಡ್ರಿ!" ಎಂದು ಗೆದ್ದವಳ ಹಾಗೆ ತಿರುಗಿದಳು.

ಫೌಜದಾರರು ನಗಲಿಲ್ಲ. "ಮಕ್ಕಳ ಮುಂದನ ಆಯಾನೂ ಕುಡದ್ಲು. ಸಾಲಿಗೆ ಇಬ್ಬರ ಹೆಸರೂ ಹೇಳೂಣು" ಎಂದು ಪೇದೆಗೆ ಹೇಳಿದರು.

ಕಿಟಕಿಯಿಂದ ಪುಟ್ಟ ಐಶ್ವರ್ಯ ಕೇಳಿದಳು, "ಆಂಟಿ, ನೀವೂ ಕುಡೀತೀರಿ?"

ಶಿವಗಂಗಾಳ ಮುಖ ಬಿಳಿಚಿಕೊಂಡಿತು. ಫಕೀರೇಶ ಅದನ್ನು ನೋಡಿದ. ತನ್ನ ಲೈಸೆನ್ಸು ಹೋಯಿತು, ಹೋಗಲಿ. ಅವಳ ಕೆಲಸವೂ ಹೋದರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ? ಊರಲ್ಲಿ ಅವಳು ತಲೆ ಎತ್ತಿ ತಿರುಗುವುದು ಹೇಗೆ?

"ಅಕಿನ್ನ ಬಿಡ್ರಿ ಸಾಹೇಬ್ರ" ಎಂದ. "ಅದು ಸೆರೀನ ಐತ್ರಿ. ಔಷಧ ಅಂತ ಅಕಿಗೆ ನಾ ಸುಳ್ಳು ಹೇಳಿದ್ದೆ. ಪಾಪ, ಅಕಿ ನಂಬ್ಯಾಳ."

"ಏನ್ ಮಾತಾಡ್ತೀರಿ..." ಎಂದು ಶಿವಗಂಗಾ ಬಾಯಿ ತೆರೆದಳು.

"ನೀ ಸುಮ್ಮನಿರ. ಮಕ್ಕಳಿಗೆ ಸಾಲಿಗೆ ಹೊತ್ತಾಗತೈತಿ, ಬ್ಯಾರೆ ಗಾಡ್ಯಾಗ ಕರಕೊಂಡು ಹೋಗು."

ಫೌಜದಾರರು ಮೊದಲ ಬಾರಿ ಅವನ ಹೆಗಲು ತಟ್ಟಿದರು. "ಈಗ ಖರೇ ಹೇಳಿದಿ ನೋಡು."