ಹಕ್ಕಿಗೂ ಏಕಾದಶಿ

ಕಲ್ಕತ್ತೆಯ ಲೇಕ್ ಮಾರ್ಕೆಟ್ಟಿನ ಹಿಂದಿನ ನಮ್ಮ ಬಾಡಿಗೆ ಮನೆಯ ಬಾಲ್ಕನಿಗೆ ಆ ಹಕ್ಕಿ ಬಂದು ಬಿದ್ದಾಗ ನನ್ನ ಗಂಡ ಮೊದಲು ಗುಬ್ಬಿ ಎಂದರು. ಕನ್ನಡಕ ಹಾಕಿಕೊಂಡು ಬಂದು, ಅಲ್ಲ, ಹೆಣ್ಣು ಗುಬ್ಬಿ ಎಂದು ತಿದ್ದಿದರು. ಸರ್ಕಾರಿ ಕಚೇರಿಯಲ್ಲಿ ಇಡೀ ದಿನ ಬೇರೆಯವರ ಲೆಕ್ಕದ ತಪ್ಪು ಹುಡುಕುವ ಮನುಷ್ಯ ಇವರು! ಯಾವ ಗುಬ್ಬಿಗೆ ಬೂದು ತಲೆಯ ಮೇಲೆ ಉದ್ದುದ್ದ ಕಪ್ಪು ಪಟ್ಟೆ ಇರುತ್ತದೆ? ಯಾವ ಗುಬ್ಬಿಯ ಹೊಟ್ಟೆ ಇಟ್ಟಿಗೆ ಪುಡಿ ಬಳಿದಂತೆ ಕೆಂಪಗಿರುತ್ತದೆ? ಬಾಲದ ಅರ್ಧ ಗರಿ ಉದುರಿತ್ತು, ಕಾಲಲ್ಲಿ ದಾರದ ತುಂಡಿತ್ತು. ಯಾರದೋ ಪಂಜರದಿಂದ ತಪ್ಪಿಸಿಕೊಂಡು ಬಂದದ್ದು ಎನ್ನುವುದಂತೂ ಸ್ಪಷ್ಟವಿತ್ತು.

ಆಗಷ್ಟೇ ಮನೆಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ಹಕ್ಕಿ ನೋಡುವವರ ಗುಂಪೊಂದಕ್ಕೆ ಮೇಲ್ ಮಾಡಿದೆವು. ಮರುದಿನವೇ ಉತ್ತರ ಬಂತು. ರಾಕ್ ಬಂಟಿಂಗ್, ಗಂಡು. ಹಿಮಾಲಯದ ಒಣ ಇಳಿಜಾರುಗಳಲ್ಲಿ, ಬಂಡೆ ಮತ್ತು ಮುಳ್ಳುಪೊದೆಗಳ ನಡುವೆ, ಹುಲ್ಲಿನ ಬೀಜ ಹೆಕ್ಕಿ ತಿಂದು ಬದುಕುವ ಹಾಡುಹಕ್ಕಿ. ಬೇಸಿಗೆಯಲ್ಲಿ, ಮರಿಗಳಿರುವಾಗ, ಹುಳಹುಪ್ಪಟೆಯೂ ಆಗುತ್ತದೆ. ಹಿಡಿದು ಮಾರುವುದು ಅಪರಾಧ, ಅರಣ್ಯ ಇಲಾಖೆಗೆ ತಿಳಿಸಿ, ಅಲ್ಲಿಯವರೆಗೆ ಕಾಳು ಮಾತ್ರ ತಪ್ಪಿಸಬೇಡಿ, ಇಷ್ಟು ಸಣ್ಣ ಜೀವ ಒಂದು ದಿನ ಖಾಲಿ ಹೊಟ್ಟೆಯಲ್ಲಿದ್ದರೆ ಉಳಿಯುವುದು ಕಷ್ಟ ಎಂದು ಬರೆದಿದ್ದರು. ಇಲಾಖೆಯವರು ಸೋಮವಾರ ಬಂದು ಒಯ್ಯುತ್ತೇವೆ ಎಂದರು. ಪಕ್ಕದ ಮನೆಯ ಬಂಗಾಳಿ ಹೆಂಗಸು, ನಾವು ಮಾಶಿಮಾ ಎನ್ನುವವರು, ತಮ್ಮ ಸತ್ತುಹೋದ ಗಿಳಿಯ ಪಂಜರ ಕೊಟ್ಟರು. ಸೋಮವಾರದವರೆಗೆ ಅದನ್ನು ಬದುಕಿಸಿಕೊಳ್ಳುವುದೊಂದೇ ನಮ್ಮ ಕೆಲಸ.

ಆದರೆ ನಮ್ಮ ಜೊತೆಗಿದ್ದ ಧಾರವಾಡದ ಅತ್ತೆ ಹಕ್ಕಿಯನ್ನು ತಮ್ಮದೇ ರೀತಿಯಲ್ಲಿ ಗುರುತಿಸಿದ್ದರು.

"ಬಂಟಿಂಗ್ ಅಂತ ಬಂಟಿಂಗ್! ಹಣಿ ನೋಡೋ ಅದರದು. ಅಂಗಾರ ಹಚ್ಚಿಕೊಂಡದ. ಇದು ನಮ್ಮ ಪೈಕಿನ."

ಅಂಗಾರವೆಂದರೆ ನಮ್ಮ ಮನೆಯ ಗಂಡಸರು ಪೂಜೆ ಮುಗಿಸಿ ಹಣೆಗೆ ಎಳೆದುಕೊಳ್ಳುವ ಇದ್ದಿಲಿನ ಕಪ್ಪು ಗೆರೆ. ನನ್ನ ಗಂಡ ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮಗ ಬಿಟ್ಟದ್ದನ್ನು ಹಕ್ಕಿ ಹಿಡಿದಿದೆ ಎಂದು ಅತ್ತೆಗೆ ಎಲ್ಲಿಲ್ಲದ ಹಿಗ್ಗು. ಪಂಜರ ದೇವರ ಗೂಡಿನ ಮುಂದೆ ಬಂತು. ಲೇಕ್ ಮಾರ್ಕೆಟ್ಟಿನ ಅಂಗಡಿಯಿಂದ ನವಣೆ ತರಿಸಿದರು. ಹಕ್ಕಿ ಒಂದೊಂದೇ ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಉಗುಳಿ, ಒಳಗಿನದನ್ನಷ್ಟೇ ನುಂಗುತ್ತಿತ್ತು. "ಎಷ್ಟು ಮಡಿ ನೋಡು," ಎಂದು ನನ್ನ ಕಡೆ ಒಂದು ನೋಟ ಬೇರೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಕಲ್ಕತ್ತೆಯಲ್ಲಿ ಅವರ ಕನ್ನಡ ಕೇಳುವವರು ಯಾರಿದ್ದರು? ಬೀಗರ ಮನೆಯ ಕಥೆಗಳನ್ನೆಲ್ಲ ಅದಕ್ಕೆ ಹೇಳುತ್ತಿದ್ದರು. ಹೊಟ್ಟೆಕಿಚ್ಚಾಗುವಷ್ಟು ಪ್ರೀತಿ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಕಾಳಿನ ಬಟ್ಟಲು ತೊಳೆದು ಬೋರಲು ಹಾಕಿದೆ!

"ಅತ್ತೆ, ಕಾಳೆಲ್ಲಿ?"

"ಏಕಾದಶಿ ಅಲ್ಲೇನ ಇವತ್ತ? ಮನ್ಯಾಗ ಕಾಳು ಮುಟ್ಟೂದಿಲ್ಲ."

"ನೀವು ಮುಟ್ಟಬೇಡಿ. ಹಕ್ಕಿಗೇನಂತೆ?"

"ಅಂಗಾರ ಹಚ್ಚಿಕೊಂಡು ಏಕಾದಶಿ ದಿನಾ ಉಣ್ಣಲಿಕ್ಕೆ ಬರ್ತದೇನು? ಬಾಳಿಹಣ್ಣು ಇಟ್ಟೇನಿ. ಫಲಾಹಾರ ಮಾಡ್ಲಿ."

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಅವ್ವಾ, ಇಲ್ಲಿ ಅಂಗಡ್ಯಾಗ ಉಪವಾಸಕ್ಕಂತನ ಸಾವಿ ಅಕ್ಕಿ ಮಾರತಾರ..."

"ಅದು ಅವರ ಉಪವಾಸ."

ಅಷ್ಟಕ್ಕೇ ನಮ್ಮ ಸಾಹೇಬರ ವಾದ ಮುಗಿಯಿತು. ಹುಳದ ವಿಷಯ ಹೇಳಿಬಿಡೋಣವೆಂದು ನಾನು ಬಾಯಿ ತೆರೆದರೆ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. "ಅದನ್ನ ಮಾತ್ರ ಎತ್ತಬ್ಯಾಡ, ಕೈಮುಗೀತೀನಿ. ದೇವರ ಮುಂದ ಇಟ್ಟಾಳ ಅದನ್ನ. ಹುಳಾ ತಿಂತದಂತ ಗೊತ್ತಾದ್ರ ಪಂಜರ ಸಮೇತ ಬೀದಿಗೆ ಹಾಕ್ತಾಳ. ನಾ ರಜಾ ಹಾಕಿ ಮನ್ಯಾಗ ಇರ್ತೀನಿ, ಹೆಂಗರ ಮಾಡಿ ತಿನಸ್ತೀನಿ."

ನಂಬಿ ಹೊರಟೆ. ಸೆಕ್ಟರ್ ಫೈವಿನ ನಮ್ಮ ಆಫೀಸಿನಲ್ಲಿ ಅಮೆರಿಕದ ಬ್ಯಾಂಕೊಂದರ ಸಾಫ್ಟ್‌ವೇರ್ ಅಂದೇ ಹೋಗಬೇಕಿತ್ತು; ಯಾರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಊಟದ ಹೊತ್ತಿಗೆ ಗಂಡನ ಫೋನ್, ಪಿಸುದನಿ.

"ಉಬ್ಬಿಕೊಂಡು ಕೂತದ. ಕಣ್ಣು ಮುಚ್ಚಲಿಕತ್ತದ."

"ಕಾಳು ಹಾಕಿ ಅಂದ್ರೆ!"

"ಅವ್ವ ಪಂಜರದ ಮುಂದನ ಕೂತು ಜಪಾ ಮಾಡ್ಲಿಕತ್ತಾಳ. ಒಂದು ಮಿನಿಟ್ ಏಳವಲ್ಲಳು."

"ನಿಮ್ಮ ವಯಸ್ಸೆಷ್ಟು ರೀ?"

"ಅದನ್ಯಾಕ ಈಗ ಕೇಳ್ತೀ?"

ಬ್ಯಾಂಕು ಹಾಳಾಗಿ ಹೋಗಲಿ ಎಂದು ಟ್ಯಾಕ್ಸಿ ಹತ್ತಿದೆ. ದಾರಿಯುದ್ದಕ್ಕೂ ಅತ್ತೆಯನ್ನು, ಗಂಡನನ್ನು, ಪಂಚಾಂಗ ಬರೆದವರನ್ನು ಮನಸ್ಸಿನಲ್ಲೇ ಬೈದೆ. ಅಳುವೂ ಬರುತ್ತಿತ್ತು. ಬೆಟ್ಟದಿಂದ ಇಲ್ಲಿಯವರೆಗೆ ಬಲೆ, ದಾರ, ಪಂಜರ ಎಲ್ಲ ದಾಟಿ ಉಳಿದು ಬಂದ ಜೀವ ನಮ್ಮ ಮನೆಯ ಆಚಾರಕ್ಕೆ ಸಾಯಬೇಕೇ?

ಮನೆಗೆ ಬಂದರೆ ಹಕ್ಕಿ ಹತ್ತಿಯುಂಡೆಯಾಗಿ ಮೂಲೆ ಸೇರಿದೆ. ಬಾಳೆಹಣ್ಣು ಕಪ್ಪಾಗಿದೆ. ಅತ್ತೆ ಮುಂದೆ ಕೂತು ಜಪಮಣಿ ತಿರುಗಿಸುತ್ತಿದ್ದಾರೆ. ಚಪ್ಪಲಿ ಬಿಡುವಷ್ಟೂ ತಾಳ್ಮೆ ಇರಲಿಲ್ಲ ನನಗೆ.

"ಅತ್ತೆ, ಅದು ನಿಮ್ಮ ಪೈಕಿ ಅಲ್ಲ! ಅಂಗಾರವೂ ಅಲ್ಲ ಮಣ್ಣೂ ಅಲ್ಲ, ಅದರ ಬಣ್ಣವೇ ಹಾಗೆ. ಹುಳ ತಿನ್ನುತ್ತೆ ಅದು! ಮಿಡತೆ, ಕಂಬಳಿಹುಳ, ಸಿಕ್ಕಿದ್ದೆಲ್ಲಾ ತಿನ್ನುತ್ತೆ!"

ಗಂಡ ತಲೆಯ ಮೇಲೆ ಕೈ ಹೊತ್ತು ಗೋಡೆಗೆ ಒರಗಿದರು. ಜಪಮಣಿ ನಿಂತಿತು.

"ಹುಳಾ?"

"ಹೂಂ. ಹುಳ."

ಅತ್ತೆ ಮಗನ ಕಡೆ ತಿರುಗಿದರು. "ಖರೇ ಏನೋ?"

"ಖರೇನವ್ವಾ," ಎಂದರು ಅವರು, ನೆಲ ನೋಡುತ್ತಾ.

ಪಂಜರ ಬೀದಿ ಸೇರುವುದಾದರೆ ಅದರ ಜೊತೆ ನಾನೂ ಹೊರಡುತ್ತೇನೆ ಎಂದು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದೆ. ಅತ್ತೆ ಎದ್ದರು. ಮಂಡಿನೋವಿನ ಆ ಹೆಂಗಸು ಅಷ್ಟು ಬೇಗ ಅಡುಗೆಮನೆಗೆ ಹೋದದ್ದನ್ನು ನಾನು ನೋಡಿಯೇ ಇರಲಿಲ್ಲ. ಏಕಾದಶಿಯ ದಿನ, ಕೈಯಾರೆ ಮುಟ್ಟಿ, ಹಿಡಿ ತುಂಬ ನವಣೆ ತಂದು ಪಂಜರದೊಳಗೆ ಸುರಿದರು. ಅರ್ಧ ನೆಲದ ಮೇಲೆ ಚೆಲ್ಲಿತು. ಹಕ್ಕಿ ಒಂದು ಕಣ್ಣು ತೆರೆಯಿತು. ಮೆಲ್ಲಗೆ ಮುಂದೆ ಬಂದು ಒಂದು ಕಾಳು ಎತ್ತಿಕೊಂಡು, ಹೊರಳಿಸಿ, ಸಿಪ್ಪೆ ಉಗುಳಿತು. ಮತ್ತೊಂದಕ್ಕೆ ಬಾಗಿತು.

ಅತ್ತೆ ಅಲ್ಲೇ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಮೇಲೆ ಹರಿಹಾಯ್ದರು.

"ಹುಳಾ ತಿಂತದ ಅಂತ ಮುಂಜಾನೆನ ಹೇಳಲಿಕ್ಕೆ ಏನಾಗಿತ್ತವಾ ನಿನಗ? ಇದಕ್ಕ ಉಣಸೂ ಹಂಗ ಏನರ ಒಂದು ದಾರಿ ತೋರ್ಸಪಾ ಅಂತ, ಆವಾಗಿಂದ ಅದನ್ನ ಜಪಾ ಮಾಡ್ಲಿಕತ್ತೇನಿ ನಾನು!"