ಥಂಡಿಯಲ್ಲಿ ಗಾಳಿ ತುಂಬುವ ಆರ್ವಿಡ್

ಬೆಳಗಿನ ಆರೂವರೆ. ಉತ್ತರ ಮಿನ್ನೆಸೋಟದ ಹಾಲ್ವರ್ ಲೇಕ್ ಕಾಲೇಜಿನಲ್ಲಿ, ಚೆಂಡನ್ನು ಕೈಯಿಂದ ಎಸೆದು ಆಡುವ ಅಮೆರಿಕನ್ ಫುಟ್‌ಬಾಲ್ ಮೈದಾನದ ನಡುವೆ ಆರ್ವಿಡ್ ಲಾಹ್ತಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದಾರೆ. ಕಾಲ ಬಳಿ ಹನ್ನೆರಡು ಚೆಂಡು, ತೊಡೆಯ ಮೇಲೆ ಕೈಪಂಪು. ಪಕ್ಕದಲ್ಲೇ ಬೆಚ್ಚಗಿನ ಕೋಣೆಯಿದೆ. ಅಲ್ಲಿ ಕೂತು ಗಾಳಿ ತುಂಬಬಾರದೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

ಅರವತ್ತಾರು ದಾಟಿದ ಆರ್ವಿಡ್‌ಗೆ ತಂಡದ ಚೆಂಡು ನೋಡಿಕೊಳ್ಳುವ ಕೆಲಸದಲ್ಲಿ ಇದು ಮೂವತ್ತೊಂದನೆಯ ಹಂಗಾಮು. ಹೊಸ ಚೆಂಡಿನ ಮೇಣ ಹೋಗಿ ತೊಗಲು ಕೈಗೆ ಹತ್ತಬೇಕಾದರೆ ಒಂದೊಂದನ್ನೂ ಮುಕ್ಕಾಲು ಗಂಟೆ ಬ್ರಷ್‌ನಿಂದ ಉಜ್ಜಬೇಕು. ಮಳೆ ಬಂದರೆ ಒರೆಸಲು ನಲವತ್ತು ಟವೆಲ್ಲು. ಗೆದ್ದ ದಿನದ ಫೋಟೋದಲ್ಲಿ ತರಬೇತುದಾರನ ನಾಯಿಯೂ ಇದೆ, ಇವರಿಲ್ಲ. ಊಟವೂ ಚೆಂಡಿನ ಕೋಣೆಯಲ್ಲೇ, ಒಬ್ಬರೇ. ನೋಡಿದರೆ ಸಂಕಟವಾಗುತ್ತದೆ.

ಎಂಟಕ್ಕೆ ಕ್ವಾರ್ಟರ್‌ಬ್ಯಾಕ್ ಬ್ರೆನ್ನನ್ ಬರುತ್ತಾನೆ. ಚೆಂಡು ಎಸೆಯಬೇಕೋ, ಓಡುವವನ ಕೈಗಿಡಬೇಕೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕಾದವನು. ಹೆಬ್ಬೆರಳಿನಿಂದ ಚೆಂಡು ಒತ್ತಿ, "ಏನಜ್ಜಾ, ಇವತ್ತು ದೂರ ಎಸೀಲಾ?" ಎನ್ನುತ್ತಾನೆ.

"ಚಳಿಗೆ ತೊಗಲು ಕಲ್ಲಾಗಿದೆ ಕಣೋ. ಹದಿನೈದು ಗಜದೊಳಗೆ ಎಸಿ. ಎಡಗಡೆ ಗಾಳಿಗೆ ಎದುರಾಗಿ ಶೂರತನ ತೋರಿಸ್ಬೇಡ, ಓಡೋನ ಕೈಗೆ ಕೊಟ್ಬಿಡು."

ಹದಿನಾಲ್ಕು ವರ್ಷದ ಹಿಂದೆ ಆರ್ವಿಡ್, ಡೆಲ್ ಕ್ರಾಸ್ಬಿ ಎಂಬ ಕ್ವಾರ್ಟರ್‌ಬ್ಯಾಕ್‌ಗೆ, ಚೆಂಡು ಹದವಾಗಿದೆ, ಧೈರ್ಯವಾಗಿ ದೂರ ಎಸಿ ಎಂದಿದ್ದರು. ಅಂತಿಮ ಪಂದ್ಯ, ಕೊನೆಯ ಎಸೆತ. ಚೆಂಡು ಹೊಯ್ದಾಡಿ ಎದುರಾಳಿಯ ಕೈಸೇರಿತು. ಅವತ್ತಿನಿಂದ ಈ ಊರಿನಲ್ಲಿ ಯಾರದಾದರೂ ಕೈಯಿಂದ ಲೋಟ ಜಾರಿದರೆ 'ಡೆಲ್ ಮಾಡಿದ' ಎನ್ನುತ್ತಾರೆ. ಊರಿನ ಪತ್ರಿಕೆಗೆ ಬರೆಯುವ ನಾನೂ ಹಾಗೆ ಹೇಳಿ ನಕ್ಕವನೇ. ಡೆಲ್ ಊರು ಬಿಟ್ಟ. ತಾಯಿಯ ಮಣ್ಣಿಗೂ ಬರಲಿಲ್ಲ.

ಬ್ರೆನ್ನನ್ ಹೋದ ಮೇಲೆ ಆರ್ವಿಡ್ ಪಂಪು ಕೆಳಗಿಟ್ಟು ಆ ದಿನದ ಮಾತು ತೆಗೆಯುತ್ತಾರೆ. ಅವತ್ತು ಚಳಿಗೆ ಹೆದರಿ ಹೀಟರ್ ಪಕ್ಕ ಕೂತು ಗಾಳಿ ತುಂಬಿದ್ದರಂತೆ. ತೀರ್ಪುಗಾರರೂ ಅದೇ ಕೋಣೆಯಲ್ಲಿ ಗಾಳಿಯ ಒತ್ತಡ ಅಳೆದು ಸರಿ ಎಂದರು. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಒಳಗಿನ ಗಾಳಿ ಕುಗ್ಗಿ ಚೆಂಡು ಮೆತ್ತಗಾಯಿತು. ಬೈಗುಳ ಮಾತ್ರ ಡೆಲ್‌ಗೆ; ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

"ಆ ಹುಡುಗನಿಗೆ ಗೊತ್ತಾಗಿತ್ತು. ಪಂದ್ಯ ಮುಗಿದ್ಮೇಲೆ ಚೆಂಡು ಒತ್ತಿ ನೋಡ್ದ, ನನ್ನ ಮುಖ ನೋಡ್ದ, ಹೊರಟುಹೋದ. ಅವನೂ ಯಾರಿಗೂ ಹೇಳ್ಲಿಲ್ಲ, ನಾನೂ ಇವತ್ತಿನವರೆಗೂ ಹೇಳ್ಲಿಲ್ಲ."

ಇದು ಅಚ್ಚಾದರೆ ಊರವರು ನಿಮ್ಮನ್ನು ಮಾತಾಡಿಸುವುದಿಲ್ಲ ಎಂದು ನಾನು ಎಚ್ಚರಿಸಿದೆ.

"ಈಗ ಯಾರು ಮಾತಾಡಿಸ್ತಾರೆ ಹೇಳಿ," ಎಂದು ಅವರು ನಗುತ್ತಾರೆ. ನನಗೆ ನಗು ಬರಲಿಲ್ಲ. "ಬೇರೆ ಏನು ಬೇಕಾದ್ರೂ ಬಿಟ್ಬಿಡಿ, ಇದೊಂದು ಬಿಡಬೇಡಿ. ಚೆಂಡು ಕೆಡಿಸಿದೋನು ನಾನು. ಡೆಲ್ ಸರಿಯಾಗೇ ಎಸ್ದಿದ್ದ."