ಕೇಳದೆ ನೇಯ್ದ ಸೆರಗು

ರಬಕವಿಯ ಸೀರೆ ಕಾರ್ಖಾನೆಯೊಂದರಲ್ಲಿ ಡಿಸೈನ್ ಬರೆಯುವ ಕೆಲಸಕ್ಕೆ ನಾನು ಸೇರಿದ ದಿನವೇ ಮಾಲಕಿ ಹೇಳಿಬಿಟ್ಟಿದ್ದರು: “ಇಲ್ಲಿ ನನ್ನ ಕೇಳದ ಒಂದ ಎಳಿನೂ ಬದಲ ಆಗಂಗಿಲ್ಲ.”

ಅವರಿಗೆ ಐವತ್ತು ದಾಟಿತ್ತು. ಮಗ್ಗಗಳ ನಡುವೆ ನಡೆಯುತ್ತಲೇ, ಎಲ್ಲಿ ಎಳೆ ಹರಿದಿದೆ ಎಂದು ಸದ್ದಿನಿಂದ ಹೇಳುತ್ತಿದ್ದರು. ಅವರ ಒಂದು ಸೀರೆಯೂ ಅಂಗಡಿಯಿಂದ ತಿರುಗಿ ಬಂದದ್ದನ್ನು ನಾನು ಕಾಣಲಿಲ್ಲ. ಅವರನ್ನು ಮೆಚ್ಚುತ್ತಿದ್ದೆ, ಅಷ್ಟೇ ಹೆದರುತ್ತಲೂ ಇದ್ದೆ. ವರ್ಷ ಕಳೆಯುವುದರೊಳಗೆ ಹಳೆಯ ಮಾವಿನಕಾಯಿ ಚಿತ್ತಾರ, ಹಳೆಯ ಅಂಚುಗಳನ್ನೇ ತಿದ್ದಿ ಕೊಡುವುದು ರೂಢಿಯಾಯಿತು. ಹೊಸದಾಗಿ ಬರೆದದ್ದೆಲ್ಲ ಚೀಲದಲ್ಲೇ ಉಳಿಯುತ್ತಿತ್ತು.

ಅದರಲ್ಲೊಂದು, ನನ್ನ ತವರು ಅನಗವಾಡಿಯಲ್ಲಿ ಹೊಳೆ ಇಳಿದಾಗ ದಂಡೆಯ ಮಣ್ಣಿನ ಮೇಲೆ ಉಳಿಯುವ ಗೆರೆಗಳ ಚಿತ್ರ. ಕೈಮಗ್ಗದ ಹಿರಿಯ ನೇಕಾರರೊಬ್ಬರು ಒಮ್ಮೆ ನನ್ನ ಚೀಲದಲ್ಲಿ ಅದನ್ನು ನೋಡಿ, “ಛಲೋ ಐತೆವಾ, ಸೆರಗಿಗೆ ಹಾಕತೇನಿ” ಎಂದು ಯಾರನ್ನೂ ಕೇಳದೆ ನೇಯ್ದೇಬಿಟ್ಟರು.

ಮಾಲಕಿ ಆ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು, ಹಿಂಬದಿ ತಿರುವಿ ನೋಡಿದರು.

“ಯಾರು ಬರದದ್ದು?”

“ನಾನ್ರೀ ಅಕ್ಕಾರ.”

“ಯಾವಾಗ?”

“ಹ್ವಾದ ವರ್ಷರೀ.”

“ಮತ್ತ ಇಷ್ಟ ದಿನ ಯಾಕ ಮುಚ್ಚಿಟ್ಟಿ?”

“ನಿಮಗ ಅಂಜಿ ರೀ.”

ಅವರು ನೇಕಾರರತ್ತ ತಿರುಗಿ, “ಕೇಳದ ನೇಯ್ದದ್ದು ತಪ್ಪ” ಎಂದಷ್ಟೇ ಹೇಳಿ, ಸೀರೆ ಎತ್ತಿಕೊಂಡು ಒಳಗೆ ಹೋದರು. ಕೆಲಸ ಹೋಯಿತೆಂದೇ ತಿಳಿದು, ಜಮಖಂಡಿಯಲ್ಲಿ ಬೇರೆ ಕೆಲಸ ಹುಡುಕುವುದಾಗಿ ಮನೆಯಲ್ಲಿ ಹೇಳಿದೆ.

ಮರುದಿನ ಬೆಳಿಗ್ಗೆ ಕಿಟಕಿ ಪಕ್ಕದ ಮಗ್ಗ ಖಾಲಿಯಾಗಿತ್ತು. ಮಾಲಕಿ ಎಲ್ಲರನ್ನೂ ಕರೆದರು. “ಪ್ರತಿ ಶನಿವಾರ ಈ ಮಗ್ಗದಾಗ ನಿಮಗ ತಿಳಿದಂಗ ನೇಯ್ರಿ. ಕೆಟ್ಟರ ಕೆಡ್ಲಿ, ನಾ ನೋಡಾಕ ಬರಂಗಿಲ್ಲ. ಉಳಿದ ಮಗ್ಗದಾಗ ಎಳಿ ತಪ್ಪಿದ್ರ ಮಾತ್ರ ಬಿಡಂಗಿಲ್ಲ.”

ಮಾತು ಉಳಿಸಿಕೊಂಡರು. ಮೊದಲ ಮೂರು ತುಂಡು ಕೆಟ್ಟವು. ಒಂದು ಶನಿವಾರ ಆ ಮಗ್ಗದಲ್ಲಿ ಎಳೆ ಹರಿದಾಗ, ಪಕ್ಕದಲ್ಲಿ ಹಾದುಹೋಗುತ್ತಿದ್ದ ಅವರ ಕಾಲು ತಾನಾಗಿ ನಿಂತಿತು. ಕೈ ಮುಂದೆ ಬಂತು. ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದೆ ನಡೆದರು. ಮಳೆಗಾಲ ಮುಗಿಯುವುದರೊಳಗೆ ನಾವು ಆರು ಹೊಸ ಸೆರಗು ಮಾಡಿದ್ದೆವು.

ಈಗ ಮುಧೋಳದಲ್ಲಿ ನನ್ನ ಕೈಕೆಳಗೆ ಇಬ್ಬರು ಡಿಸೈನ್ ಬರೆಯುತ್ತಾರೆ. ಗದರುವುದು ನನಗೂ ಸುಲಭವಾಗಿಯೇ ಬಂತು. ನೋಡದೆ ಸುಮ್ಮನಿರುವುದನ್ನು ಇನ್ನೂ ಕಲಿಯುತ್ತಿದ್ದೇನೆ.